ಹೊಳಿ ಹೊಯ್ದ ಹೊಯ್ಗೆ

“ಹೊಯ್ಗೆ ಸಾಕಾಗ್ತದಾ?” ಎಂದು ನಾನು ಕೇಳಿದ್ದೇ ತಡ, ನಮ್ಮ ಮನೆ ಕಟ್ಟುತ್ತಿದ್ದ ಗೌಂಡಿಗಳೆಲ್ಲ ಗೊಳ್ಳೆಂದು ನಕ್ಕುಬಿಟ್ಟರು.

“ಏನ್ ಹೊಯ್ಬೇಕ್ರಿ ಅಕ್ಕಾರ?” ಎಂದ ಒಬ್ಬ.

ಉಡುಪಿ ಕಡೆಯಿಂದ ಮದುವೆಯಾಗಿ ಸವಣೂರಿಗೆ ಬಂದು ಎರಡು ವರ್ಷವಾಗಿತ್ತು. ಮರಳಿಗೆ ಇಲ್ಲಿ ಉಸುಕು ಅನ್ನುತ್ತಾರೆಂದು ಗೊತ್ತಿದ್ದರೂ ತವರಿನ ಮಾತೇ ಬಾಯಿಗೆ ಬಂದಿತ್ತು. ಹೀಗೆ ಎಷ್ಟೋ ಸಲ ನಗೆಪಾಟಲಾಗಿ, ಹೊರಗಿನವರೊಂದಿಗೆ ಮಾತಾಡುವುದನ್ನೇ ಕಡಿಮೆ ಮಾಡಿದ್ದೆ. ಅವತ್ತೂ ಅಲ್ಲಿಂದ ಹೊರಡಲು ತಿರುಗಿದೆ.

ಅಲ್ಲೇ ಉಸುಕು ಸಾಣಿಸುತ್ತಿದ್ದ ವಯಸ್ಸಾದ ಬೀಬಿಜಾನಮ್ಮ ಜರಡಿ ಕೆಳಗಿಟ್ಟು ಗೌಂಡಿಗಳ ಕಡೆ ತಿರುಗಿದರು.

“ಯಾಕ ನಗ್ತೀರೋ? ಮಳಿ ಹೊಯ್ತು ಅನ್ನೂದಿಲ್ಲೇನು ನಾವು? ಹಂಗ ಹೊಳಿ ತಂದು ಹೊಯ್ದದ್ದು ಹೊಯ್ಗಿ. ನಾ ಮನ್ಯಾಗ ರೇತಿ ಅಂತೇನಿ, ಇಲ್ಲಿ ಬಂದು ಉಸುಕು ಅಂತೇನಿ. ಅವರಿಗೆ ಅವರವ್ವ ಹೊಯ್ಗಿ ಅಂತ ಕಲಿಸ್ಯಾಳ. ಹೌದಿಲ್ಲವ್ವಾ?”

ಆ ಪದ ಹುಟ್ಟಿದ್ದು ನಿಜವಾಗಿ ಹಾಗೆಯೋ ಅಲ್ಲವೋ, ನನಗೆ ತಿಳಿಯದು. ಅಮ್ಮನ ನೆನಪಾಯಿತು. ಹೌದೆಂದು ತಲೆಯಾಡಿಸಿದೆ. ಮೊದಲು ನಕ್ಕ ಗೌಂಡಿಯೇ ಮಧ್ಯಾಹ್ನ ನಾವಿದ್ದ ಬಾಡಿಗೆ ಮನೆಯ ಬಾಗಿಲಿಗೆ ಬಂದು, “ಅಕ್ಕಾರ, ಇನ್ನೊಂದು ಟ್ರ್ಯಾಕ್ಟರ್ ಹೊಯ್ಗಿ ಬೇಕಾಗ್ತೈತ್ರಿ” ಎಂದ. ಈ ಸಲ ನಾನೇ ಜೋರಾಗಿ ನಕ್ಕೆ.

ಹೊಸ ಮನೆಗೆ ಬಂದು ಈಗ ನಾಲ್ಕು ವರ್ಷ. ಸಂತೆಯಲ್ಲಿ ವೀಳ್ಯದೆಲೆ ಮಾರುವವರೊಂದಿಗೂ ಅಂಜದೆ ಮಾತಾಡುತ್ತೇನೆ. ಯಾವ ಊರಿನ ಶಬ್ದ ಬಾಯಿಗೆ ಬಂದರೂ ನುಂಗಿಕೊಳ್ಳುವುದಿಲ್ಲ.