ಹಿಮ ಸೀಳದ ಹಡಗು

ಕನ್ನಡ ಎಂ.ಎ. ಮುಗಿಸಿದ ವರ್ಷ ನಾನು ಇಂದಿರಾನಗರದ ಪ್ರವಾಸ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದೆ. ಹಳೆಯ ಕಾವ್ಯಗಳ ದಂಡಯಾತ್ರೆಯ ವರ್ಣನೆಗಳನ್ನೇ ತಲೆಯಲ್ಲಿ ತುಂಬಿಕೊಂಡಿದ್ದ ನಾನು, ಅಂಟಾರ್ಕ್ಟಿಕಾ ಯಾನದ ಕರಪತ್ರವನ್ನು ಕನ್ನಡಿಸುವಾಗ 'ಹಿಮರಾಶಿಯನ್ನು ಸೀಳಿ ಸಾಗುವ ನೌಕೆ' ಎಂದು ಬರೆದೆ. ಅಚ್ಚಾದ ಮೇಲೆ ಇಂಗ್ಲಿಷ್ ಮೂಲವನ್ನು ಮತ್ತೆ ಓದಿದರೆ, ಹಡಗಿನ 'ಐಸ್ ಕ್ಲಾಸ್', ಅಂದರೆ ಹಿಮ ತಾಳುವ ದರ್ಜೆ, ಹೇಳುತ್ತಿದ್ದುದು ಇಷ್ಟೇ: ತೆಳುವಾದ ಮಂಜುಗಡ್ಡೆಯನ್ನು ಅದು ತಾಳಿಕೊಳ್ಳಬಲ್ಲದು. ಬೈಯಪ್ಪನಹಳ್ಳಿಯ ನನ್ನ ಬಾಡಿಗೆ ಕೋಣೆಯವರೆಗೂ ಆ ಸಾಲು ದಿನವೂ ಬೆನ್ನು ಹತ್ತಿ ಬರುತ್ತಿತ್ತು.

ಕೆ.ಆರ್. ಪುರದ ಮುನಿಸ್ವಾಮಪ್ಪನವರು ಆ ಕರಪತ್ರ ಹಿಡಿದು ಪತ್ನಿಯೊಡನೆ ಬಂದು, ಯಾನದ ಅರ್ಜಿಗೆ ಸಹಿ ಹಾಕಲು ಪೆನ್ನು ತೆಗೆದಾಗ ನನ್ನಿಂದ ಸುಮ್ಮನಿರಲಾಗಲಿಲ್ಲ.

"ಸಾರ್, ಕರಪತ್ರದಲ್ಲಿರೋದು ನಾನು ತಪ್ಪಾಗಿ ಬರೆದಿದ್ದು. ಈ ಹಡಗು ಹಿಮ ಸೀಳಲ್ಲ. ಗಡ್ಡೆ ದಪ್ಪ ಇದ್ರೆ ವಾಪಸ್ ತಿರುಗುತ್ತೆ."

ಮ್ಯಾನೇಜರ್ ನನ್ನನ್ನು ನುಂಗುವಂತೆ ನೋಡಿದರು. ಮುನಿಸ್ವಾಮಪ್ಪ ಪೆನ್ನಿಗೆ ಮುಚ್ಚಳ ಹಾಕಿದರು.

"ನೋಡಿದ್ರಾ," ಎಂದು ಅವರ ಪತ್ನಿ ಗಂಡನ ಕಡೆ ತಿರುಗಿದರು. "ಸೀಳ್ಕೊಂಡು ಹೋಗೋ ಹಡಗಿಗೆ ನಾನು ಕಾಲಿಡಲ್ಲ ಅಂತ ವಾರದಿಂದ ಬಡ್ಕೋತಾ ಇದ್ದೆ. ವಾಪಸ್ ತಿರುಗೋ ಬುದ್ಧಿ ಇರೋದಾದ್ರೆ ಬರ್ತೀನಿ. ಹಾಕ್ರೀ ಸಹಿ."

ಸಹಿ ಬಿತ್ತು. ಹಗುರಾದ ಮನಸ್ಸಿನಿಂದ ನಾನು ಮುನಿಸ್ವಾಮಪ್ಪನವರ ಪಾಸ್‌ಪೋರ್ಟ್ ತೆರೆದೆ. ಯಾನ ಮುಗಿದ ಮೇಲೂ ಅದರಲ್ಲಿ ಆರು ತಿಂಗಳ ಅವಧಿ ಉಳಿದಿರಬೇಕೆಂಬುದು ನಿಯಮ. ಉಳಿಯುತ್ತಿದ್ದುದು ಎರಡೇ ತಿಂಗಳು. ಹೊಸದು ಮಾಡಿಸಿಕೊಂಡು ಬರಬೇಕೆಂದು ಹೇಳಿದೆ.

"ಹಡಗಿಗಿಂತ ಮುಂಚೆ ನಾವೇ ವಾಪಸ್ಸು, ಬಾಮ್ಮ," ಎಂದು ಪತ್ನಿಯನ್ನು ಕರೆಯುತ್ತಾ ಮುನಿಸ್ವಾಮಪ್ಪ ಎದ್ದರು.

ಆ ಸಂಜೆ ಕರಪತ್ರವನ್ನು ತಿದ್ದಿ ಪಾಸ್‌ಪೋರ್ಟಿನ ನಿಯಮವನ್ನೂ ಸೇರಿಸಿದೆ, ಒಂದೇ ಒಂದು ವಿಶೇಷಣವಿಲ್ಲದೆ.