ಅಜ್ಜಿಯ ಹನ್ನೆರಡು ಗಂಟೆ

ನಿನ್ನೆ ಅಜ್ಜಿಯ ಗೋಡೆ ಗಡಿಯಾರವನ್ನು ಪುಣೆಯ ಪುಟ್ಟ ಗಡಿಯಾರ ಸಂಗ್ರಹಾಲಯಕ್ಕೆ ಕೊಡಲು ಹೋದೆ. ಬಾಗಿಲಲ್ಲೇ ಎಣ್ಣೆ, ಹಿತ್ತಾಳೆಯ ವಾಸನೆ. ಥೇಟ್ ಅಪ್ಪನ ರಿಪೇರಿ ಅಂಗಡಿ.

ನನ್ನ ಬಾಲ್ಯ ಎರಡನೇ ಮಹಾಯುದ್ಧದ ಕಾಲ. ಗಡಿಯಾರಗಳನ್ನು ಒಂದು ಗಂಟೆ ಮುಂದಿಡಬೇಕೆಂದು ಸರ್ಕಾರದ ಹುಕುಂ ಬಂತು. ಅಪ್ಪ ಪುಣೆಯ ನಮ್ಮ ಪೇಠೆಯ ಮನೆಮನೆಗೂ ಹೋಗಿ ಮುಳ್ಳು ತಿರುಗಿಸಿದರು. ಧಾರವಾಡದಿಂದ ತಂದ ತನ್ನ ಗಡಿಯಾರವನ್ನು ಮಾತ್ರ ಅಜ್ಜಿ ಮುಟ್ಟಗೊಡಲಿಲ್ಲ.

"ಸೂರ್ಯಗೂ ಹುಕುಂ ಕಳಿಸ್ಯಾರೇನು?"

ಅಂದಿನಿಂದ ತಾಯಿ ಎರಡು ಸಲ ಅನ್ನಕ್ಕಿಟ್ಟಳು: ಅಪ್ಪನ ಹನ್ನೆರಡಕ್ಕೊಮ್ಮೆ, ಅಜ್ಜಿಯ ಹನ್ನೆರಡಕ್ಕೊಮ್ಮೆ. ನಾನು ಎರಡೂ ಪಂಕ್ತಿಯಲ್ಲಿ ಕೂರುತ್ತಿದ್ದೆ.

ಯುದ್ಧ ಮುಗಿಯುವ ಮೊದಲೇ ಅಜ್ಜಿ ಹೋದಳು. ಹುಕುಂ ರದ್ದಾದ ದಿನ ಅಪ್ಪ ಎಲ್ಲ ಗಡಿಯಾರಗಳನ್ನೂ ಹಿಂದಿಟ್ಟು, ಅಜ್ಜಿಯದರ ಮುಂದೆ ಬಂದರು. "ಅವ್ವಾ, ನಿಂದೇ ಖರೆ ಆತು ನೋಡು" ಎಂದು ಕೀಲಿಯಷ್ಟೇ ಕೊಟ್ಟರು.

ನಿನ್ನೆ ಸಂಗ್ರಹಾಲಯದ ಮರಾಠಿ ಹುಡುಗಿ ಮೊಬೈಲ್ ನೋಡಿ, ವೇಳೆ ಸರಿಪಡಿಸಲೆಂದು ಅಜ್ಜಿಯ ಗಡಿಯಾರದ ಮುಳ್ಳಿಗೆ ಬೆರಳಿಟ್ಟಳು. "ಮುಟ್ಟಬ್ಯಾಡವಾ!" ಎಂದುಬಿಟ್ಟೆ, ಕನ್ನಡದಲ್ಲೇ.