ಅಕ್ಕನ ಕೌದಿಯ ಮೇಲಿದ್ದ ಘಟ್ಟದ ದಾರಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಅವರೆದುರೇ ನಗುತ್ತಿದ್ದವನು. ಅಫಜಲಪುರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ದೆವ್ವ ಇಲ್ಲ, ಶಕುನ ಇಲ್ಲ, ಲೆಕ್ಕಕ್ಕೆ ಸಿಗದ್ದು ಯಾವುದೂ ಇಲ್ಲ ಎಂದು ಮಕ್ಕಳಿಗೆ ಗದರಿಸಿ ಹೇಳುತ್ತಿದ್ದೆ. ಹಾಗೆ ಹೇಳುವುದರಲ್ಲಿ ನನಗೆ ಜಂಬವೂ ಇತ್ತು. ಆದ್ದರಿಂದ ಈಗ ಬರೆಯುತ್ತಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಗೆಳೆಯ ಉಸ್ಮಾನನದು ಊರಲ್ಲಿ ಗ್ಯಾರೇಜು. ಜೇವರ್ಗಿಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ವ್ಯಾನೊಂದನ್ನು ಅವನು ಎಳೆದು ತಂದಾಗ ಅದರೊಳಗೆ ಕೋಳಿಗಳು ಸಂಸಾರ ಹೂಡಿದ್ದವು. ಇದನ್ನೇ ಮನೆ ಮಾಡಿಕೊಂಡು ತಿರುಗಬೇಕೆಂಬ ಹುಚ್ಚು ಮೊದಲು ನನ್ನ ತಲೆಗೆ ಬಂತೋ ಅವನ ತಲೆಗೋ, ಈಗ ನೆನಪಿಲ್ಲ. ಆಳಂದದ ಬಡಿಗರು ಮಡಚುವ ಮಂಚ ಮಾಡಿಕೊಟ್ಟರು. ಎಣ್ಣೆ ಡಬ್ಬಿಗೆ ನಲ್ಲಿ ಕೂಡಿಸಿ ನೀರಿನ ವ್ಯವಸ್ಥೆ ಮಾಡಿದೆವು. ಸ್ಟೋವು ಅಲುಗಾಡದಂತೆ ಉಸ್ಮಾನ ಕಬ್ಬಿಣದ ಗೂಡು ಬೆಸೆದ. ಊರ ಜನ ಸಾಲಾಗಿ ಬಂದು ನಲ್ಲಿ ತಿರುಗಿಸಿ ನೋಡಿ ಹೋಗುತ್ತಿದ್ದರು. ನಿಜ ಹೇಳುತ್ತೇನೆ, ನನ್ನ ಮದುವೆಯ ದಿನವೂ ನಾನು ಅಷ್ಟು ಬೀಗಿರಲಿಲ್ಲ.

ದೀಪಾವಳಿ ರಜೆಯಲ್ಲಿ ನಾಲ್ಕು ದಿನದ ಪ್ರವಾಸ ಎಂದು ಗೊತ್ತುಮಾಡಿದೆವು. ಸಾತಾರದ ಆಚೆ ಗುಡ್ಡಗಳ ನಡುವೆ ಹಿನ್ನೀರು ದೊಡ್ಡ ಕೆರೆಯ ಹಾಗೆ ಉದ್ದಕ್ಕೆ ನಿಂತಿದೆ, ಅದರ ದಂಡೆಗುಂಟ ರಸ್ತೆ ಇದೆ, ಎರಡು ಕಣ್ಣು ಸಾಲುವುದಿಲ್ಲ ಎಂದು ಯಾರೋ ಲಾರಿ ಡ್ರೈವರ್ ಉಸ್ಮಾನನಿಗೆ ಹೇಳಿದ್ದ. ನಾನು ಶಾಲೆಯ ನಕಾಶೆ ತಂದು ಪಡಸಾಲೆಯಲ್ಲಿ ಹಾಸಿ, ಸ್ಕೇಲು ಇಟ್ಟು, ಎಷ್ಟು ಗಂಟೆಗೆ ಎಲ್ಲಿ ಎಂದು ಟೈಮ್‌ಟೇಬಲ್ ಬರೆದೆ. ನಕಾಶೆಯಲ್ಲಿ ಆ ರಸ್ತೆ ಕೂದಲೆಳೆಯಷ್ಟು ಸಣ್ಣ ಗೆರೆ. ಘಟ್ಟಕ್ಕೂ ನಮ್ಮ ಸಮತಟ್ಟಾದ ಎರೆಭೂಮಿಯ ರಸ್ತೆಗೂ ಒಂದೇ ವೇಗ ಹಿಡಿದು ಲೆಕ್ಕ ಹಾಕಿದ್ದೆ. ನಾವು ಕಂಡ ಘಟ್ಟವೆಂದರೆ ಸೊನ್ನದಲ್ಲಿ ಭೀಮಾ ಹೊಳೆಗೆ ಇಳಿಯುವ ದಾರಿ, ಅಷ್ಟೇ.

ನಮ್ಮಕ್ಕ ಕಾಶಮ್ಮ ಅಲ್ಲೇ ಕೂತು ವ್ಯಾನಿನ ಮಂಚಕ್ಕೆಂದು ಕೌದಿ ಹೊಲಿಯುತ್ತಿದ್ದಳು. ಅವಳನ್ನು ಅತನೂರಿಗೆ ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ ನಮ್ಮೊಂದಿಗೇ ಇದ್ದಳು. ಗುಲಬರ್ಗಾ ದಾಟಿ ಆಚೆ ಹೋದವಳಲ್ಲ. ಆದರೆ ಕೌದಿ ಎಂದರೆ ಸುತ್ತಲಿನ ಹಳ್ಳಿಗಳಲ್ಲೆಲ್ಲ ಅವಳದೇ ಹೆಸರು. ಗೊಬ್ಬೂರಿನ ಹೆಂಗಸರೂ ಹಳೇ ಸೀರೆಯ ಗಂಟು ಹೊತ್ತು ಅವಳ ಹತ್ತಿರ ಬರುತ್ತಿದ್ದರು. ಅವಳ ಹೊಲಿಗೆಯ ಸಾಲು ಹೊಲದಲ್ಲಿ ಬಿತ್ತುವ ಕೂರಿಗೆ ಹೊಡೆದಷ್ಟು ನೇರ.

ಆ ಕೌದಿಯಲ್ಲಿ ಮಾತ್ರ ಅವಳ ಸೂಜಿ ಹಟ ಹಿಡಿಯಿತು. ಇಲಿ ಕಡಿದ ನೀಲಿ ಸೀರೆಯಲ್ಲಿ ಉಳಿದಷ್ಟು ಭಾಗವನ್ನು ಕತ್ತರಿಸಿ ನಡುವೆ ಹಚ್ಚಿದ್ದಳು. ಅದು ಬೆರಳು ಚಾಚಿದಂತೆ ಅಂಕುಡೊಂಕಾಗಿತ್ತು. ಅದರ ಅಂಚಿನಲ್ಲಿ ಬಿಳಿ ದಾರದ ಸಾಲು ನೇರ ಹೋಗದೆ ಹಾವಿನಂತೆ ಹೊರಳುತ್ತಾ ಹೋಯಿತು. ಅಕ್ಕ ಬಿಚ್ಚಿ ಮತ್ತೆ ಹೊಲಿದಳು. ಮತ್ತೆ ಹಾಗೇ ಆಯಿತು. ಮೂರನೆಯ ಸಲ ಒಂದು ಕಡೆ ಸೂಜಿ ಮುರಿಯಿತು, ಅಲ್ಲಿ ಎರಡು ಬೆರಳಿನಷ್ಟು ಸಾಲು ಖಾಲಿ ಉಳಿಯಿತು. ಸಿಟ್ಟಿಗೆದ್ದು ಪಕ್ಕದಲ್ಲೊಂದು ಕೆಂಪು ತೇಪೆ ಹಚ್ಚಿ, ಹೊಲಿಗೆಯನ್ನು ಅದರ ಮೇಲಿಂದ ನೀಲಿಯಿಂದ ಆಚೆಗೆ ತಿರುಗಿಸಿಬಿಟ್ಟಳು.

ಉಸ್ಮಾನ ಬಿಡುತ್ತಾನೆಯೇ? "ಏನ್ರಿ ಅಕ್ಕಾ, ನಿಮ್ಮ ಹೊಲಿಗಿ ಶೇಂದಿ ಕುಡದು ಹೊಂಟಂಗ ಕಾಣ್ತದಲ್ರಿ!"

ಬೇರೆ ದಿನವಾಗಿದ್ದರೆ ಅಕ್ಕ ತಿರುಗಿ ಎರಡು ಬಾರಿಸುತ್ತಿದ್ದಳು. ಅವತ್ತು ಅವಳ ಕಣ್ಣು ತುಂಬಿಬಂದವು. "ಮೂವತ್ತು ವರ್ಷದಾಗ ನನ್ನ ಕೈ ಹಿಂಗ ತಪ್ಪಿದ್ದಿಲ್ಲಪಾ," ಎಂದಳು. "ಈ ಮಗ್ಗಲಾ ಕೆಳಗ ಹಾಸ್ರಿ. ಯಾರಿಗೂ ತೋರಸಬ್ಯಾಡ್ರಿ." ಕೈಗೆ ವಯಸ್ಸಾಯಿತು, ಇನ್ನು ಮುಂದೆ ಯಾರ ಕೌದಿಯನ್ನೂ ಹಿಡಿಯುವುದಿಲ್ಲ ಎಂದು ಆ ಸಂಜೆಯೇ ಎರಡು ಮನೆಯ ಸೀರೆ ಗಂಟು ವಾಪಸ್ಸು ಕಳಿಸಿದಳು. ನನಗೆ ಬಹಳ ಕೆಟ್ಟದೆನಿಸಿತು. ಅವಳಿಗೆ ಇದ್ದದ್ದು ಅದೊಂದೇ ಹೆಮ್ಮೆ. ಮನಸ್ಸಾದರೂ ಹಗುರಾಗಲಿ ಎಂದು ಅವಳನ್ನೂ ವ್ಯಾನಿನಲ್ಲಿ ಕರೆದುಕೊಂಡು ಹೊರಟೆವು.

ಕೌದಿ ಮುಗಿದ ಎಂಟು ದಿನಕ್ಕೆ, ಪ್ರವಾಸದ ಎರಡನೆಯ ಮಧ್ಯಾಹ್ನ, ಆ ನೀರಿನ ದಂಡೆಯ ರಸ್ತೆಗೆ ಇಳಿದೆವು. ಎಡಕ್ಕೆ ನೀರು, ಬಲಕ್ಕೆ ಗುಡ್ಡ. ವ್ಯಾನು ಒಂದೂ ಸದ್ದಿಲ್ಲದೆ ತೇಲಿದಂತೆ ಇಳಿಯುತ್ತಿತ್ತು, ಏಕೆಂದರೆ ಉಸ್ಮಾನ ಪೆಟ್ರೋಲು ಉಳಿಸಲು ಇಂಜಿನ್ ಬಂದ್ ಮಾಡಿ ನ್ಯೂಟ್ರಲ್‌ಗೆ ಬಿಟ್ಟಿದ್ದ. ನಮ್ಮ ಕಡೆ ಇಳಿಜಾರು ಬಂದರೆ ಎಲ್ಲರೂ ಮಾಡುವುದು ಅದನ್ನೇ. ಹೊಳೆ ಬಂತೆನ್ನುವಷ್ಟರಲ್ಲಿ ಇಳಿಜಾರು ಮುಗಿದಿರುತ್ತದೆ. ಇದು ಮುಗಿಯುವ ಇಳಿಜಾರಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ನಮ್ಮ ಗಾಡಿ ಎಷ್ಟು ಚೆಂದ ಉರುಳುತ್ತದೆ ಎಂದು ನಾನು ಉಬ್ಬಿಹೋಗಿದ್ದೆ.

ಹಿಂದೆ ಮಂಚದ ಮೇಲೆ ಕೂತಿದ್ದ ಅಕ್ಕ ಚಳಿಗೆ ಕೌದಿ ಎಳೆದು ಹೊದ್ದುಕೊಂಡಿದ್ದಳು. ಮುಚ್ಚಿಟ್ಟಿದ್ದ ಮಗ್ಗುಲು ಮೇಲೆ ಬಂದಿತ್ತು. ನೀರು ಕೊಡಲು ತಿರುಗಿದವನು ಹಾಗೇ ನೋಡುತ್ತಾ ಕುಳಿತೆ. ನೀಲಿ ಬಟ್ಟೆಯ ಬೆರಳುಗಳು, ಕಿಟಕಿಯಾಚೆ ಗುಡ್ಡದೊಳಗೆ ಚಾಚಿದ ನೀರು, ಎರಡೂ ಒಂದೇ ಥರ. ಕಾಕತಾಳೀಯ ಎಂದುಕೊಂಡೆ. ಆದರೂ ಲೆಕ್ಕದ ಮೇಷ್ಟ್ರಲ್ಲವೇ, ಪರೀಕ್ಷಿಸಿದೆ. ಹೊಲಿಗೆಯಲ್ಲಿ ಮುಂದೆ ಎರಡು ಸಣ್ಣ ತಿರುವು, ಒಂದು ದೊಡ್ಡದು, ಆಮೇಲೆ ನೀರಿನ ಹತ್ತಿರಕ್ಕೆ ಹೋಗಿ ಹಿಂದೆ ಸರಿಯುವುದು. ರಸ್ತೆಯಲ್ಲೂ ಅದೇ ಬಂತು, ಒಂದೂ ತಪ್ಪಲಿಲ್ಲ. ಮುಂದಿನ ತಿರುವಿನಾಚೆ ಆ ಎರಡು ಬೆರಳಿನ ಖಾಲಿ ಜಾಗ.

ಮಾಸ್ತರ ಅನ್ನಿಸಿಕೊಂಡವನು ಕೌದಿ ನೋಡಿ ಗಾಡಿ ನಿಲ್ಲಿಸು ಎನ್ನುವುದು ಹೇಗೆ? ಅಷ್ಟು ಹೊತ್ತಿನಲ್ಲೂ ನನಗೆ ನಾಚಿಕೆಯಾಯಿತು. ಕೊನೆಗೆ ಕೂಗಿಯೇಬಿಟ್ಟೆ: "ಉಸ್ಮಾನ, ಗೇರ್ ಹಾಕು! ನಿಲ್ಲಸು!"

"ಯಾಕ್ರಿ ಮಾಸ್ತರ್, ಏನಾಯ್ತು?" ಎಂದನಾದರೂ ನನ್ನ ದನಿಗೆ ಹೆದರಿ ಗೇರಿಗೆ ಹಾಕಿದ. ವ್ಯಾನು ನರಳಿ, ಮುಗ್ಗರಿಸಿ, ತಿರುವಿನ ಮೇಲೆ ನಿಂತಿತು. ಕಾದ ರಬ್ಬರಿನ ವಾಸನೆ ಮೂಗಿಗೆ ಹೊಡೆಯಿತು. ಇಳಿದು ನಾಲ್ಕು ಹೆಜ್ಜೆ ಹೋಗಿ ನೋಡಿದರೆ ರಸ್ತೆ ಇರಲಿಲ್ಲ. ಎರಡು ಬಂಡಿಯಷ್ಟು ಉದ್ದ ಕುಸಿದು ನೀರಿಗೆ ಬಿದ್ದಿತ್ತು. ಪಕ್ಕದಿಂದ ಬಲಕ್ಕೆ, ಗುಡ್ಡದೊಳಕ್ಕೆ, ಒಂದು ಬಂಡಿ ದಾರಿ ಹೊರಟಿತ್ತು. ಅದರ ಮಣ್ಣು ಕೆಂಪು.

ಉಸ್ಮಾನ ಚಕ್ರ ಮುಟ್ಟಿ ಕೈ ಸುಟ್ಟುಕೊಂಡ. "ಯಾ ಅಲ್ಲಾ! ಬ್ರೇಕ್ ಪೂರಾ ಕಾದು ಹೋಗ್ಯಾವ್ರಿ. ತಿರುವು ದಾಟಿದ್ರ ನಿಲ್ತಿದ್ದಿಲ್ಲ," ಎಂದ. ಆ ಕೆಂಪು ದಾರಿಯಲ್ಲಿ ಸಿಕ್ಕ ಹಳ್ಳಿಯವರನ್ನು ಕೇಳಿದೆವು. ರಸ್ತೆ ಕುಸಿದದ್ದು ಅದೇ ದಿನ ಬೆಳಿಗ್ಗೆ.

ಊರಿಗೆ ಮರಳಿ ನಾನು ಗ್ರಾಫ್ ಕಾಗದ ಹಾಸಿ ಕೌದಿಯನ್ನು ಅಳೆದೆ. ಇಲಿ, ಸೀರೆ, ಮುರಿದ ಸೂಜಿ ಎಲ್ಲಕ್ಕೂ ಒಂದೊಂದು ಕಾರಣ ಬರೆದೆ. ಕಾರಣಗಳೆಲ್ಲ ಸರಿಯಾಗಿಯೇ ಇದ್ದವು. ಅವನ್ನೆಲ್ಲ ಕೂಡಿಸಿದರೆ ಮಾತ್ರ ಉತ್ತರ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಮುಂದಿನ ರಜೆಗೆ ಬೇರೆ ಊರಿನ ಹೆಸರು ಹೇಳಿ, ಇನ್ನೊಂದು ಕೌದಿ ಹೊಲಿ ಎಂದು ಅಕ್ಕನನ್ನು ಕಾಡಿದೆ. ಹೊಲಿದಳು. ಸಾಲುಗಳು ಮೊದಲಿನಂತೆ ನೇರವಾಗಿ ಬಂದವು.

ಆದರೆ ಆ ದಿನ, ಮುರಿದ ರಸ್ತೆಯ ಅಂಚಿನಲ್ಲಿ ನಾವಿಬ್ಬರು ಗಂಡಸರು ನೆಲ ಹಿಡಿದು ಕೂತಿದ್ದಾಗ, ಅಕ್ಕ ಇಳಿದು ಬಂದು ಕೌದಿಯನ್ನೂ ರಸ್ತೆಯನ್ನೂ ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಎಂಟು ದಿನದಿಂದ ಬಗ್ಗಿದ್ದ ಕತ್ತು ಎತ್ತಿ ನಿಂತಿದ್ದಳು.

"ನೋಡು ತಮ್ಮಾ," ಎಂದಳು, "ನನ್ನ ಕೈ ತಪ್ಪಿದ್ದಿಲ್ಲ."